ಶ್ವಾಸಕೋಶದ ಸೌಮ್ಯ ಗಡ್ಡೆ ಮತ್ತು ಆರಂಭಿಕ ಹಂತದ ಕ್ಯಾನ್ಸರ್: ಸಿ.ಟಿ. ಸ್ಕ್ಯಾನ್ ಮೂಲಕ ಗುರುತಿಸುವ ಬಗೆ

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಎದೆಯ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ಶ್ವಾಸಕೋಶದಲ್ಲಿ ಗಂಟು ಕಂಡುಬಂದಿದೆ ಎಂಬ ಒಂದು ಸಾಲು ಇದ್ದರೆ ಸಾಕು, ಇಡೀ ಕುಟುಂಬ ಆತಂಕಕ್ಕೆ ಒಳಗಾಗುತ್ತದೆ. ಕೆಮ್ಮಿಗೆಂದು ತೋರಿಸಲು ಬಂದವರಲ್ಲಿ, ಹರ್ನಿಯಾ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ ತಪಾಸಣೆಗೆ ಒಳಗಾದವರಲ್ಲಿ, ಅಪಘಾತದ ನಂತರ ಸ್ಕ್ಯಾನ್ ಮಾಡಿಸಿದವರಲ್ಲಿ ಇಂತಹ ಗಂಟುಗಳು ಅನಿರೀಕ್ಷಿತವಾಗಿ ಪತ್ತೆಯಾಗುತ್ತವೆ. ಇವುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಕೆಲವು ಕ್ಯಾನ್ಸರ್‌ನ ಆರಂಭವಾಗಿರುತ್ತವೆ, ಮತ್ತು ಆ ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಅತ್ಯುತ್ತಮ ಅವಕಾಶವಿರುವುದು ಈ ಆರಂಭದ ಹಂತದಲ್ಲಿಯೇ.

ಆದ್ದರಿಂದ ಇಲ್ಲಿ ಎರಡು ಬಗೆಯ ನಷ್ಟಗಳಿಗೆ ಅವಕಾಶವಿದೆ. ಹಳೆಯ ಕ್ಷಯದ ಕಲೆಯೊಂದನ್ನು ಕ್ಯಾನ್ಸರ್ ಎಂದು ಭಾವಿಸಿ ಅನಗತ್ಯವಾಗಿ ಎದೆಯ ಶಸ್ತ್ರಚಿಕಿತ್ಸೆಗೆ ಒಳಗಾಗುವುದು ಮೊದಲನೆಯದು. ಕ್ಯಾನ್ಸರ್ ಗಂಟನ್ನು ಹಳೆಯ ಕಲೆ ಎಂದು ಕಡೆಗಣಿಸಿ ಅಮೂಲ್ಯವಾದ ತಿಂಗಳುಗಳನ್ನು ಕಳೆದುಕೊಳ್ಳುವುದು ಎರಡನೆಯದು. ಈ ಎರಡೂ ಆಗದಂತೆ ನೋಡಿಕೊಳ್ಳುವಲ್ಲಿ ಸಿ.ಟಿ. ಸ್ಕ್ಯಾನ್ ಹೇಗೆ ನೆರವಾಗುತ್ತದೆ, ರೋಗಿ ಮತ್ತು ಕುಟುಂಬದವರು ತಮ್ಮ ಕಡೆಯಿಂದ ಏನು ಮಾಡಬೇಕು, ಸರ್ಕಾರಿ ಆರೋಗ್ಯ ಸೇವೆಯನ್ನು ಯಾವ ಕ್ರಮದಲ್ಲಿ ಪಡೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇದು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಯಾವುದೇ ವ್ಯಕ್ತಿಯ ರೋಗನಿರ್ಣಯವನ್ನು ಅವರ ವೈದ್ಯರೇ ಮಾಡತಕ್ಕದ್ದು.

2. ಗಂಟು ಎಂದರೇನು?

ಶ್ವಾಸಕೋಶದ ಒಳಗೆ 3 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ, ಸುಮಾರಾಗಿ ದುಂಡಗಿರುವ ಮಚ್ಚೆಯನ್ನು ವೈದ್ಯರು ನಾಡ್ಯೂಲ್, ಅಂದರೆ ಗಂಟು ಎಂದು ಕರೆಯುತ್ತಾರೆ. 3 ಸೆಂ.ಮೀ.ಗಿಂತ ದೊಡ್ಡದಾದುದನ್ನು ಮಾಸ್, ಅಂದರೆ ಗಡ್ಡೆ ಎನ್ನುತ್ತಾರೆ. ಈ ಗಡಿಗೆ ಒಂದು ಕಾರಣವಿದೆ. 3 ಸೆಂ.ಮೀ. ಮೀರಿದ ಗಡ್ಡೆಯು ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು. ಆದ್ದರಿಂದ ಅದು ಬೇರೆಯೆಂದು ಸಾಬೀತಾಗುವವರೆಗೆ ಕ್ಯಾನ್ಸರ್ ಎಂದೇ ಪರಿಗಣಿಸಿ ಪರೀಕ್ಷೆಗಳನ್ನು ಮುಂದುವರಿಸಲಾಗುತ್ತದೆ. ಸಣ್ಣ ಗಂಟುಗಳ ವಿಷಯದಲ್ಲಿ ಮಾತ್ರ ವಿವೇಚನೆ ಮತ್ತು ತಾಳ್ಮೆ ಎರಡೂ ಬೇಕಾಗುತ್ತವೆ.

ಕ್ಯಾನ್ಸರ್ ಅಲ್ಲದ ಗಂಟುಗಳಲ್ಲಿ ಮುಖ್ಯವಾದವು ಇವು:

ಅ) ಗ್ರಾನ್ಯುಲೋಮಾ: ಕ್ಷಯ ಅಥವಾ ಶಿಲೀಂಧ್ರದಂತಹ ಸೋಂಕನ್ನು ದೇಹವು ಸುತ್ತುಗಟ್ಟಿ ಅಡಗಿಸಿದಾಗ ಉಳಿಯುವ ಗಂಟು. ಕ್ಷಯದಿಂದ ಆದುದನ್ನು ಟ್ಯುಬರ್ಕ್ಯುಲೋಮಾ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ತುಂಬಾ ಸಾಮಾನ್ಯ.

ಆ) ಹ್ಯಾಮರ್ಟೋಮಾ: ಶ್ವಾಸಕೋಶದ ನಿಜವಾದ ಸೌಮ್ಯ ಗಡ್ಡೆಗಳಲ್ಲಿ ಅತಿ ಹೆಚ್ಚಾಗಿ ಕಾಣುವಂಥದು. ಮೃದ್ವಸ್ಥಿ, ಕೊಬ್ಬು ಮುಂತಾದ ಅಂಗಾಂಶಗಳು ಕ್ರಮ ತಪ್ಪಿ ಒಂದೆಡೆ ಸೇರಿ ಬೆಳೆದುದು. ಬಹಳ ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಗಳಿಗೆ ಹರಡುವುದಿಲ್ಲ.

ಇ) ಶ್ವಾಸಕೋಶದೊಳಗಿನ ದುಗ್ಧಗ್ರಂಥಿ: ಶ್ವಾಸಕೋಶದ ಹಾಲೆಗಳ ನಡುವಿನ ಬಿರುಕಿಗೆ ಅಂಟಿಕೊಂಡಂತೆ, ತ್ರಿಕೋನ ಅಥವಾ ಮೊಟ್ಟೆಯ ಆಕಾರದಲ್ಲಿ ಕಾಣುವ ಪುಟ್ಟ ಗಂಟು. ಇದರಿಂದ ಅಪಾಯವಿಲ್ಲ.

ಈ) ಇತರೆ: ವಾಸಿಯಾದ ನ್ಯುಮೋನಿಯಾದ ಕಲೆ, ನೀರಿನ ಚೀಲ, ರಕ್ತನಾಳದ ಅಸಹಜ ಹೆಣಿಗೆ ಇತ್ಯಾದಿ.

3. ಎಕ್ಸ್‌ರೇ ಇರುವಾಗ ಸಿ.ಟಿ. ಏಕೆ?

ಎಕ್ಸ್‌ರೇ ಎಂಬುದು ನೆರಳಿನ ಚಿತ್ರ. ಪಕ್ಕೆಲುಬು, ಹೃದಯ, ರಕ್ತನಾಳ, ಶ್ವಾಸಕೋಶ ಎಲ್ಲವೂ ಒಂದರ ಮೇಲೊಂದು ಬಿದ್ದ ಒಂದೇ ನೆರಳು ಅದರಲ್ಲಿ ಕಾಣುತ್ತದೆ. ಹೃದಯದ ಹಿಂದಿರುವ ಅಥವಾ ಕೊರಳೆಲುಬಿನ ಮರೆಯಲ್ಲಿರುವ ಗಂಟು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಮೊಲೆತೊಟ್ಟಿನ ನೆರಳೇ ಗಂಟಿನಂತೆ ಕಾಣುವುದೂ ಉಂಟು.

ಸಿ.ಟಿ. ಸ್ಕ್ಯಾನ್‌ನಲ್ಲಿ ಕ್ಷಕಿರಣಗಳು ದೇಹದ ಸುತ್ತ ತಿರುಗಿ, ಗಣಕಯಂತ್ರವು ಎದೆಯನ್ನು ತೆಳುವಾದ ಬಿಲ್ಲೆಗಳಂತೆ ಪದರ ಪದರವಾಗಿ ತೋರಿಸುತ್ತದೆ. ಸರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ಚಿತ್ರಿಸಲಾಯಿತು. 1979ರಲ್ಲಿ ಅವರಿಗೆ ಅಲನ್ ಕಾರ್ಮ್ಯಾಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಅಂಗಾಂಶಗಳ ಸಾಂದ್ರತೆಯನ್ನು ಇಂದಿಗೂ ಹೌನ್ಸ್‌ಫೀಲ್ಡ್ ಮಾನದಲ್ಲಿಯೇ ಅಳೆಯಲಾಗುತ್ತದೆ. ಈ ಮಾನದಲ್ಲಿ ನೀರು 0, ಗಾಳಿ ಋಣ 1000, ಕೊಬ್ಬು ಸುಮಾರು ಋಣ 100. ಸುಣ್ಣ ಕಟ್ಟಿದ ಭಾಗ ಸಾಮಾನ್ಯವಾಗಿ 200ಕ್ಕೂ ಮೇಲೆ. ಅಂದರೆ ಗಂಟನ್ನು ಕತ್ತರಿಸದೆಯೇ ಅದರೊಳಗೆ ಕೊಬ್ಬಿದೆಯೇ, ನೀರಿದೆಯೇ, ಸುಣ್ಣವಿದೆಯೇ ಎಂಬುದನ್ನು ಅಂಕಿಗಳಲ್ಲಿ ಅಳೆಯಬಹುದು. ಗಂಟಿನ ಪರೀಕ್ಷೆಗೆ 1.5 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಪದರಗಳ ಚಿತ್ರಗಳು ಅವಶ್ಯಕ. ದಪ್ಪ ಪದರಗಳಲ್ಲಿ ಸಣ್ಣ ಗಂಟಿನ ಒಳಗಿನ ವಿವರ ಕಲೆಸಿಹೋಗುತ್ತದೆ.

4. ಸಿ.ಟಿ. ಚಿತ್ರದಲ್ಲಿ ವೈದ್ಯರು ಗಮನಿಸುವ ಅಂಶಗಳು

(1) ಗಾತ್ರ: 6 ಮಿ.ಮೀ.ಗಿಂತ ಚಿಕ್ಕ ಗಂಟು ಕ್ಯಾನ್ಸರ್ ಆಗಿರುವ ಸಂಭವ ಶೇ. 1ಕ್ಕಿಂತಲೂ ಕಡಿಮೆ. ಗಾತ್ರ ಹೆಚ್ಚಿದಂತೆ ಸಂಭವವೂ ಹೆಚ್ಚುತ್ತದೆ.

(2) ಅಂಚು: ನುಣುಪಾದ, ದುಂಡನೆಯ ಅಂಚು ಸೌಮ್ಯ ಗಂಟಿನ ಪರವಾಗಿದೆ. ಗಂಟಿನಿಂದ ಸುತ್ತಲೂ ಸೂರ್ಯಕಿರಣದಂತೆ ಎಳೆಗಳು ಹೊರಟಿದ್ದರೆ, ಅಥವಾ ಅಂಚು ಉಬ್ಬುತಗ್ಗಾಗಿದ್ದರೆ, ಕ್ಯಾನ್ಸರ್‌ನ ಶಂಕೆ ಬಲವಾಗುತ್ತದೆ. ಆದರೆ ಬೇರೆ ಅಂಗದಿಂದ ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್‌ನ ಗಂಟುಗಳು ನುಣುಪಾಗಿಯೇ ಇರಬಹುದು. ಆದ್ದರಿಂದ ಹಿಂದೆ ಯಾವುದೇ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದಲ್ಲಿ ಅದನ್ನು ತಪ್ಪದೆ ತಿಳಿಸಬೇಕು.

(3) ಸುಣ್ಣ ಕಟ್ಟಿರುವ ರೀತಿ: ಸುಣ್ಣ ಎಲ್ಲಿದೆ ಎಂಬುದು ಸುಣ್ಣ ಇದೆ ಎಂಬುದಕ್ಕಿಂತ ಮುಖ್ಯ. ಗಂಟು ಪೂರ್ತಿ ಸುಣ್ಣವಾಗಿದ್ದರೆ, ನಟ್ಟನಡುವೆ ಸುಣ್ಣವಿದ್ದರೆ, ಅಥವಾ ಈರುಳ್ಳಿಯಂತೆ ಪದರ ಪದರವಾಗಿದ್ದರೆ ಅದು ವಾಸಿಯಾದ ಸೋಂಕಿನ ಕುರುಹು. ಜೋಳದ ಅರಳಿನಂತೆ ಉಬ್ಬುಬ್ಬಾಗಿ ಕಂಡರೆ ಹ್ಯಾಮರ್ಟೋಮಾದ ಲಕ್ಷಣ. ಈ ನಾಲ್ಕೂ ಮಾದರಿಗಳು ಸೌಮ್ಯತೆಯನ್ನು ಸೂಚಿಸುತ್ತವೆ. ಆದರೆ ಸುಣ್ಣವು ಒಂದು ಬದಿಗೆ ಸರಿದಿದ್ದರೆ, ಅಥವಾ ಪುಡಿ ಚೆಲ್ಲಿದಂತೆ ಚುಕ್ಕಿ ಚುಕ್ಕಿಯಾಗಿದ್ದರೆ, ನಿಶ್ಚಿಂತೆಯಿಂದ ಇರುವಂತಿಲ್ಲ. ಹಳೆಯ ಕಲೆಯೊಂದನ್ನು ಬೆಳೆಯುತ್ತಿರುವ ಕ್ಯಾನ್ಸರ್ ನುಂಗಿದಾಗಲೂ ಹೀಗೆ ಕಾಣಬಹುದು.

(4) ಕೊಬ್ಬು: ನುಣುಪಾದ ಅಂಚಿನ ಗಂಟಿನೊಳಗೆ ಕೊಬ್ಬಿನ ಅಂಶ ಸ್ಪಷ್ಟವಾಗಿ ಕಂಡುಬಂದರೆ ಅದು ಬಹುತೇಕ ಹ್ಯಾಮರ್ಟೋಮಾ. ಆದರೆ ಎಲ್ಲ ಹ್ಯಾಮರ್ಟೋಮಾಗಳಲ್ಲಿಯೂ ಕೊಬ್ಬು ಕಾಣುವುದಿಲ್ಲ. ಕೊಬ್ಬು ಇಲ್ಲವೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸುವಂತಿಲ್ಲ.

(5) ಗಟ್ಟಿತನ: ಕೆಲವು ಗಂಟುಗಳು ಗಟ್ಟಿಯಾಗಿ ಬೆಳ್ಳಗೆ ಕಾಣುತ್ತವೆ. ಕೆಲವು ಉಜ್ಜಿದ ಗಾಜಿನಂತೆ ಮಸುಕಾಗಿದ್ದು, ಅವುಗಳ ಮೂಲಕ ರಕ್ತನಾಳಗಳು ಕಾಣಿಸುತ್ತವೆ. ಮಸುಕು ಗಂಟು ಸೋಂಕಿನಿಂದ ಬಂದಿದ್ದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಮಾಯವಾಗುತ್ತದೆ. ಮಾಯವಾಗದೆ ಉಳಿದುಕೊಂಡರೆ ಅದು ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್‌ನ ಅತ್ಯಂತ ಆರಂಭಿಕ ರೂಪವಾಗಿರಬಹುದು. ಮಸುಕು ಗಂಟಿನ ನಡುವೆ ಗಟ್ಟಿ ಭಾಗ ಹುಟ್ಟಿಕೊಂಡಿದ್ದರೆ ಅಥವಾ ಅದು ಹೆಚ್ಚುತ್ತಿದ್ದರೆ ವಿಶೇಷ ಎಚ್ಚರ ಅಗತ್ಯ.

(6) ಸ್ಥಾನ ಮತ್ತು ನೆರೆಹೊರೆ: ಧೂಮಪಾನಿಗಳಲ್ಲಿ ಕ್ಯಾನ್ಸರ್ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ ಹೆಚ್ಚು. ಆದರೆ ಕ್ಷಯವೂ ಮೇಲಿನ ಹಾಲೆಯನ್ನೇ ಆರಿಸಿಕೊಳ್ಳುವುದರಿಂದ ನಮ್ಮಲ್ಲಿ ಈ ಒಂದು ಅಂಶದಿಂದ ಹೆಚ್ಚು ತಿಳಿಯದು. ದೊಡ್ಡ ಗಂಟಿನ ಸುತ್ತ ಸಣ್ಣ ಸಣ್ಣ ಮರಿಗಂಟುಗಳಿದ್ದರೆ ಅದು ಸೋಂಕಿನ ಕಡೆಗೆ ವಾಲುತ್ತದೆ.

(7) ಬಣ್ಣದ ಔಷಧಿಗೆ ಪ್ರತಿಕ್ರಿಯೆ: ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸ್ಕ್ಯಾನ್ ಮಾಡಿದಾಗ ಗಂಟಿನ ಸಾಂದ್ರತೆ 15 ಹೌನ್ಸ್‌ಫೀಲ್ಡ್ ಮಾನಕ್ಕಿಂತ ಕಡಿಮೆ ಏರಿದರೆ ಗಂಟು ಸೌಮ್ಯವಾಗಿರುವ ಸಂಭವ ಬಹಳ ಹೆಚ್ಚು. ಹೆಚ್ಚು ಏರಿದರೆ ಮಾತ್ರ ಅದು ಕ್ಯಾನ್ಸರ್ ಎಂದಾಗುವುದಿಲ್ಲ. ಸಕ್ರಿಯ ಸೋಂಕಿನ ಗಂಟೂ ಹಾಗೆಯೇ ವರ್ತಿಸುತ್ತದೆ.

ಮೇಲಿನ ಯಾವ ಒಂದು ಲಕ್ಷಣವೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ರೋಗಿಯ ವಯಸ್ಸು, ಬೀಡಿ ಸಿಗರೇಟಿನ ಅಭ್ಯಾಸ, ಕುಟುಂಬದ ಹಿನ್ನೆಲೆ, ಹಿಂದಿನ ಕಾಯಿಲೆಗಳು ಇವುಗಳೊಂದಿಗೆ ಸೇರಿಸಿ ನೋಡಿದಾಗ ಮಾತ್ರ ಚಿತ್ರಕ್ಕೆ ಅರ್ಥ ಬರುತ್ತದೆ.

5. ಎರಡು ದಿನಾಂಕಗಳ ಹೋಲಿಕೆ

ಅಂಗಡಿಯ ಒಂದು ದಿನದ ಶಿಲ್ಕನ್ನು ನೋಡಿ ವ್ಯಾಪಾರ ಬೆಳೆಯುತ್ತಿದೆಯೇ ಎಂದು ಹೇಳಲಾಗದು. ಹಿಂದಿನ ವರ್ಷದ ಶಿಲ್ಕಿನೊಂದಿಗೆ ಹೋಲಿಸಬೇಕು. ಗಂಟಿನ ವಿಷಯದಲ್ಲಿಯೂ ಹೀಗೆಯೇ. ಮೊದಲ ಸಿ.ಟಿ.ಯಲ್ಲಿ ಸಂದೇಹ ಉಳಿದ ಬಹಳಷ್ಟು ಗಂಟುಗಳನ್ನು ಬಗೆಹರಿಸುವುದು ಎರಡನೆಯ ಸಿ.ಟಿ.

ಗಟ್ಟಿ ಗಂಟಿನ ಕ್ಯಾನ್ಸರ್ ಸಾಮಾನ್ಯವಾಗಿ 100ರಿಂದ 400 ದಿನಗಳಲ್ಲಿ ತನ್ನ ಘನಗಾತ್ರವನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ಸೋಂಕಿನ ಗಂಟು ಇದಕ್ಕಿಂತ ಬಹಳ ಬೇಗ ಹಿಗ್ಗಬಹುದು ಅಥವಾ ಕುಗ್ಗಬಹುದು. ಹಳೆಯ ಕಲೆ ಇದ್ದಂತೆಯೇ ಇರುತ್ತದೆ. ಆದ್ದರಿಂದ ಗಟ್ಟಿ ಗಂಟು ಎರಡು ವರ್ಷ ಬದಲಾಗದೆ ಉಳಿದರೆ ಅದನ್ನು ಸೌಮ್ಯವೆಂದು ಪರಿಗಣಿಸಲಾಗುತ್ತದೆ. ಮಸುಕು ಗಂಟಿನ ಕ್ಯಾನ್ಸರ್ ತುಂಬಾ ನಿಧಾನವಾಗಿ ಬೆಳೆಯುವುದರಿಂದ ಅದಕ್ಕೆ ಐದು ವರ್ಷಗಳ ನಿಗಾ ಬೇಕು.

ಇಲ್ಲಿ ಸಾರ್ವಜನಿಕರು ಗಮನಿಸಬೇಕಾದ ಲೆಕ್ಕವೊಂದಿದೆ. ಗಂಟು ಎಲ್ಲ ದಿಕ್ಕಿಗೂ ಬೆಳೆಯುತ್ತದೆ. ಹೀಗಾಗಿ ವ್ಯಾಸ ಸುಮಾರು ಶೇ. 26ರಷ್ಟು ಹೆಚ್ಚಿದರೆ ಘನಗಾತ್ರ ಇಮ್ಮಡಿಯಾಗುತ್ತದೆ. 8 ಮಿ.ಮೀ. ಇದ್ದ ಗಂಟು 10 ಮಿ.ಮೀ. ಆಯಿತೆಂದರೆ ಕೇವಲ 2 ಮಿ.ಮೀ. ಬೆಳೆದಿದೆ ಎಂದು ಸುಮ್ಮನಾಗುವಂತಿಲ್ಲ. ಅದು ಹೆಚ್ಚೂ ಕಡಿಮೆ ಎರಡರಷ್ಟಾಗಿದೆ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸ ತಿಳಿಯಬೇಕಾದರೆ ಹಳೆಯ ಚಿತ್ರವೂ ವೈದ್ಯರ ಮುಂದೆ ಇರಬೇಕು. ಹಳೆಯ ವರದಿಯ ಕಾಗದವೊಂದೇ ಸಾಲದು. ಫಿಲ್ಮ್, ಸಾಧ್ಯವಾದರೆ ಸಿ.ಡಿ. ಬೇಕು.

6. ಮರುಪರೀಕ್ಷೆಯ ಅವಧಿ

ವಿಶ್ವದ ಅನೇಕ ಕಡೆ ವೈದ್ಯರು ಅನುಸರಿಸುವ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿಯಲ್ಲಿ, ಆಕಸ್ಮಿಕವಾಗಿ ಕಂಡ ಒಂಟಿ ಗಂಟಿಗೆ ಈ ಕೆಳಕಂಡ ಕ್ರಮವನ್ನು ಸೂಚಿಸಲಾಗಿದೆ:

ಅ) 6 ಮಿ.ಮೀ.ಗಿಂತ ಚಿಕ್ಕ ಗಟ್ಟಿ ಗಂಟು: ಅಪಾಯ ಕಡಿಮೆ ಇರುವವರಿಗೆ ನಿಯಮಿತ ಮರುಪರೀಕ್ಷೆ ಬೇಕಿಲ್ಲ. ಧೂಮಪಾನದಂತಹ ಹೆಚ್ಚಿನ ಅಪಾಯವಿರುವವರಿಗೆ 12 ತಿಂಗಳ ನಂತರ ಒಮ್ಮೆ ಪರಿಶೀಲಿಸಬಹುದು.
ಆ) 6ರಿಂದ 8 ಮಿ.ಮೀ. ಗಟ್ಟಿ ಗಂಟು: 6ರಿಂದ 12 ತಿಂಗಳಲ್ಲಿ ಮರು ಸಿ.ಟಿ. ಅಗತ್ಯವೆನಿಸಿದರೆ 18ರಿಂದ 24 ತಿಂಗಳಲ್ಲಿ ಮತ್ತೊಮ್ಮೆ.
ಇ) 8 ಮಿ.ಮೀ.ಗಿಂತ ದೊಡ್ಡ ಗಟ್ಟಿ ಗಂಟು: 3 ತಿಂಗಳಲ್ಲಿ ಮರು ಸಿ.ಟಿ., ಅಥವಾ ಪೆಟ್ ಸ್ಕ್ಯಾನ್, ಅಥವಾ ಬಯಾಪ್ಸಿ.
ಈ) 6 ಮಿ.ಮೀ. ಅಥವಾ ದೊಡ್ಡದಾದ ಮಸುಕು ಗಂಟು: 6ರಿಂದ 12 ತಿಂಗಳಲ್ಲಿ ಮರು ಸಿ.ಟಿ., ಉಳಿದುಕೊಂಡಿದ್ದರೆ ಐದು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ.
ಉ) ಮಸುಕು ಮತ್ತು ಗಟ್ಟಿ ಎರಡೂ ಭಾಗವಿರುವ, 6 ಮಿ.ಮೀ. ಅಥವಾ ದೊಡ್ಡದಾದ ಗಂಟು: 3ರಿಂದ 6 ತಿಂಗಳಲ್ಲಿ ಮರು ಸಿ.ಟಿ., ಮುಂದಿನ ಕ್ರಮ ಗಟ್ಟಿ ಭಾಗದ ಗಾತ್ರವನ್ನು ಅವಲಂಬಿಸಿದೆ.

35 ವರ್ಷದೊಳಗಿನವರಿಗೆ, ಈಗಾಗಲೇ ಕ್ಯಾನ್ಸರ್ ಇರುವವರಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿರುವವರಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಅವರ ವಿಷಯವನ್ನು ವೈದ್ಯರು ಪ್ರತ್ಯೇಕವಾಗಿ ನಿರ್ಧರಿಸುತ್ತಾರೆ.

7. ಕ್ಷಯವೋ ಕ್ಯಾನ್ಸರೋ?

ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಆಯಾಸ: ಈ ಲಕ್ಷಣಗಳು ಎರಡೂ ಕಾಯಿಲೆಗಳಲ್ಲಿ ಒಂದೇ. ಸಿ.ಟಿ. ಚಿತ್ರದಲ್ಲಿಯೂ ಇವು ಒಂದನ್ನೊಂದು ಹೋಲಬಲ್ಲವು. ಆದ್ದರಿಂದ ಕೇವಲ ಮಚ್ಚೆಯನ್ನು ನೋಡಿ ಕ್ಷಯದ ಚಿಕಿತ್ಸೆ ಆರಂಭಿಸಿ, ಆರು ತಿಂಗಳ ನಂತರ ಅದು ಕ್ಯಾನ್ಸರ್ ಎಂದು ತಿಳಿಯುವ ಪ್ರಸಂಗಗಳು ನಮ್ಮ ದೇಶದಲ್ಲಿ ವರದಿಯಾಗುತ್ತಲೇ ಇವೆ.

ಇದನ್ನು ತಪ್ಪಿಸುವ ಮಾರ್ಗ ಸರಳವಾಗಿದೆ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಕಫ ಪರೀಕ್ಷೆ ಉಚಿತವಾಗಿದ್ದು, ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದ ಮೂಲಕ ಕ್ಷಯದ ರೋಗಾಣುವನ್ನು ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚಬಹುದು. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು ಇರುವವರೆಲ್ಲರೂ ಈ ಪರೀಕ್ಷೆಗೆ ಒಳಗಾಗತಕ್ಕದ್ದು. ಕಫದಲ್ಲಿ ರೋಗಾಣು ಕಾಣದೆಯೇ ಕ್ಷಯದ ಮಾತ್ರೆ ಆರಂಭಿಸಿದ್ದಲ್ಲಿ, ಮರು ಎಕ್ಸ್‌ರೇ ಅಥವಾ ಸಿ.ಟಿ. ಎಂದು ಮಾಡಿಸಬೇಕು ಎಂಬುದನ್ನು ವೈದ್ಯರಲ್ಲಿ ಕೇಳಿ ಬರೆದುಕೊಳ್ಳಿ. ಚಿಕಿತ್ಸೆಯಲ್ಲಿದ್ದರೂ ಮಚ್ಚೆ ಹಿಗ್ಗುತ್ತಿದ್ದರೆ ತಡಮಾಡದೆ ಮುಂದಿನ ಆಸ್ಪತ್ರೆಗೆ ಹೋಗಬೇಕು. ಆದರೆ ಕ್ಷಯ ಖಚಿತವಾಗಿರುವವರು ಕ್ಯಾನ್ಸರ್‌ನ ಭಯದಿಂದ ಮಾತ್ರೆಗಳನ್ನು ನಡುವೆ ನಿಲ್ಲಿಸಬಾರದು.

8. ನಮ್ಮ ಮೂರು ತಾಲ್ಲೂಕುಗಳಲ್ಲಿ ವೈದ್ಯರಿಗೆ ಹೇಳಬೇಕಾದ ವಿಷಯಗಳು

ಸಿ.ಟಿ. ಚಿತ್ರವನ್ನು ದೂರದ ಊರಿನ ತಜ್ಞರು ಓದುತ್ತಾರೆ. ರೋಗಿಯ ದಿನನಿತ್ಯದ ಕೆಲಸ ಏನೆಂಬುದು ಅವರಿಗೆ ತಾನಾಗಿ ತಿಳಿಯದು. ಆದ್ದರಿಂದ ಈ ಕೆಳಗಿನ ವಿವರಗಳನ್ನು ತಾವಾಗಿಯೇ ತಿಳಿಸಬೇಕು.

ಅ) ಬೀಡಿ, ಸಿಗರೇಟು: ದಿನಕ್ಕೆ ಎಷ್ಟು, ಎಷ್ಟು ವರ್ಷ, ಬಿಟ್ಟಿದ್ದರೆ ಯಾವಾಗ ಬಿಟ್ಟಿರಿ ಎಂಬುದು. ಮನೆಯವರ ಎದುರು ಹೇಳಲು ಸಂಕೋಚವಿದ್ದರೆ ವೈದ್ಯರಿಗೆ ಪ್ರತ್ಯೇಕವಾಗಿ ಹೇಳಿ. ಈ ಒಂದು ಮಾಹಿತಿಯಿಂದ ಮರುಪರೀಕ್ಷೆಯ ಅವಧಿಯೇ ಬದಲಾಗುತ್ತದೆ.

ಆ) ಕಟ್ಟಿಗೆಯ ಹೊಗೆ: ಅಡುಗೆ ಒಲೆ, ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ ಇವುಗಳ ಮುಂದೆ ವರ್ಷಗಟ್ಟಲೆ ಕುಳಿತವರು, ವಿಶೇಷವಾಗಿ ಮಹಿಳೆಯರು, ಅದನ್ನು ತಿಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನೆಯೊಳಗಿನ ಕಟ್ಟಿಗೆಯ ಹೊಗೆಯನ್ನು ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವರ್ಗದಲ್ಲಿ ಸೇರಿಸಿದೆ. ನಾನು ಬೀಡಿ ಸೇದಿಲ್ಲ, ನನಗೇಕೆ ಬರುತ್ತದೆ ಎಂಬ ಧೈರ್ಯದಿಂದ ಮಹಿಳೆಯರು ಪರೀಕ್ಷೆ ಮುಂದೂಡುವುದು ಸರಿಯಲ್ಲ.

ಇ) ಬೋರ್ಡೋ ದ್ರಾವಣದ ಸಿಂಪರಣೆ: ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುವುದು ನಮ್ಮಲ್ಲಿ ಪ್ರತಿ ವರ್ಷದ ಕೆಲಸ. ಇದೇ ದ್ರಾವಣವನ್ನು ದ್ರಾಕ್ಷಿತೋಟಗಳಲ್ಲಿ ವರ್ಷಗಟ್ಟಲೆ ಸಿಂಪಡಿಸಿದ ಕಾರ್ಮಿಕರ ಶ್ವಾಸಕೋಶದಲ್ಲಿ ತಾಮ್ರದ ಅಂಶವಿರುವ ಗಂಟು ಮತ್ತು ಕಲೆಗಳಾಗುವುದನ್ನು 1969ರಲ್ಲಿ ಪೋರ್ಚುಗಲ್ ದೇಶದ ವೈದ್ಯರು ವರದಿ ಮಾಡಿದರು. ಇದರಿಂದ ಔಷಧಿ ಹೊಡೆಯುವವರೆಲ್ಲರಿಗೂ ಗಂಟು ಬರುತ್ತದೆ ಎಂದು ತಿಳಿಯಬಾರದು. ಆದರೆ ಮರವೇರಿ ಅಥವಾ ದೋಟಿಯ ನೆರವಿನಿಂದ ಹಲವು ವರ್ಷ ಔಷಧಿ ಹೊಡೆದವರು ಗಂಟು ಪತ್ತೆಯಾದಾಗ ಆ ವಿಷಯವನ್ನು ಹೇಳಲೇಬೇಕು. ಸಿಂಪರಣೆಯ ವೇಳೆ ಮುಖಗವಸು ಧರಿಸುವುದು, ಗಾಳಿಗೆ ಎದುರಾಗಿ ನಿಲ್ಲದಿರುವುದು ಸೂಕ್ತ.

ಈ) ಹಿಂದಿನ ಕಾಯಿಲೆಗಳು: ತಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿತ್ತೇ, ಪೂರ್ತಿ ಚಿಕಿತ್ಸೆ ಆಗಿತ್ತೇ, ಬೇರೆ ಕ್ಯಾನ್ಸರ್ ಇತ್ತೇ, ಮಧುಮೇಹವಿದೆಯೇ ಎಂಬ ವಿವರ.

9. ಸಿ.ಟಿ.ಯ ನಂತರದ ಪರೀಕ್ಷೆಗಳು

ಸಂದೇಹ ಬಲವಾಗಿದ್ದರೆ ಪೆಟ್ ಸ್ಕ್ಯಾನ್ ಸೂಚಿಸಬಹುದು. ಇದು ಗಂಟು ಎಷ್ಟು ಸಕ್ಕರೆಯನ್ನು ಹೀರುತ್ತದೆ ಎಂಬುದನ್ನು ತೋರಿಸುತ್ತದೆ. ಕ್ಯಾನ್ಸರ್ ಹೆಚ್ಚು ಹೀರುತ್ತದೆ. ಆದರೆ ಸಕ್ರಿಯ ಕ್ಷಯದ ಗಂಟೂ ಹೀರುತ್ತದೆ. 8 ಮಿ.ಮೀ.ಗಿಂತ ಚಿಕ್ಕ ಗಂಟುಗಳಲ್ಲಿ ಈ ಪರೀಕ್ಷೆ ಅಷ್ಟಾಗಿ ನಂಬಲರ್ಹವಲ್ಲ. ಏಷ್ಯಾದ ತಜ್ಞರು 2016ರಲ್ಲಿ ಪ್ರಕಟಿಸಿದ ಸಹಮತದ ಮಾರ್ಗಸೂಚಿಯು, ಕ್ಷಯ ಹೆಚ್ಚಿರುವ ನಮ್ಮಂತಹ ಪ್ರದೇಶಗಳಲ್ಲಿ ಪೆಟ್ ಫಲಿತಾಂಶವನ್ನು ಎಚ್ಚರಿಕೆಯಿಂದ ಅರ್ಥೈಸಬೇಕೆಂದು ಹೇಳಿದೆ. ಪೆಟ್‌ನಲ್ಲಿ ಹೊಳೆದ ಗಂಟೆಲ್ಲವೂ ಕ್ಯಾನ್ಸರ್ ಅಲ್ಲ.

ಅಂತಿಮ ತೀರ್ಮಾನ ಬಯಾಪ್ಸಿಯದು. ಸಿ.ಟಿ. ಮಾರ್ಗದರ್ಶನದಲ್ಲಿ ಸೂಜಿಯ ಮೂಲಕ, ಅಥವಾ ಶ್ವಾಸನಾಳದೊಳಗೆ ದರ್ಶಕ ನಳಿಕೆ ಇಳಿಸಿ, ಗಂಟಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಆ ಚೂರನ್ನು ಕ್ಷಯದ ಪರೀಕ್ಷೆಗೂ ಕಳುಹಿಸುವಂತೆ ಕೋರಬಹುದು. ಸೂಜಿ ಪರೀಕ್ಷೆಯಲ್ಲಿ ಕೆಲವರಿಗೆ ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಳ್ಳುವ ತೊಂದರೆ ಆಗುವುದರಿಂದ, ಪರೀಕ್ಷೆಯ ನಂತರ ಆಸ್ಪತ್ರೆಯಲ್ಲಿ ನಿಗಾದಲ್ಲಿರುವುದು ಅಗತ್ಯ. ಅದೇ ದಿನ ಘಟ್ಟದ ದಾರಿಯ ದೀರ್ಘ ಪ್ರಯಾಣ ಮಾಡಬೇಕಾಗಿದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸಿ.

10. ವರದಿಯಲ್ಲಿ ಬರುವ ಪದಗಳ ಅರ್ಥ

ಸಿ.ಟಿ. ವರದಿಗಳು ಇಂಗ್ಲಿಷ್‌ನಲ್ಲಿರುತ್ತವೆ. ಸಾಮಾನ್ಯವಾಗಿ ಕಾಣುವ ಕೆಲವು ಪದಗಳ ಅರ್ಥ ಹೀಗಿದೆ:

ನಾಡ್ಯೂಲ್: ಗಂಟು. ಕ್ಯಾನ್ಸರ್ ಎಂದಲ್ಲ.
ಕ್ಯಾಲ್ಸಿಫೈಡ್: ಸುಣ್ಣ ಕಟ್ಟಿದ.
ಸ್ಪಿಕ್ಯುಲೇಟೆಡ್: ಅಂಚಿನಿಂದ ಎಳೆಗಳು ಹೊರಟಿರುವ. ತ್ವರಿತ ಪರಿಶೀಲನೆ ಅಗತ್ಯ.
ಗ್ರೌಂಡ್ ಗ್ಲಾಸ್: ಉಜ್ಜಿದ ಗಾಜಿನಂತೆ ಮಸುಕಾದ.
ಫೈಬ್ರೋಟಿಕ್: ಕಲೆ ಕಟ್ಟಿದ.
ಇನ್‌ಡಿಟರ್ಮಿನೇಟ್: ಈ ಚಿತ್ರದಿಂದ ನಿರ್ಧರಿಸಲಾಗದ.
ಫಾಲೋ ಅಪ್ ಅಡ್ವೈಸ್ಡ್: ನಿಗದಿತ ಅವಧಿಯ ನಂತರ ಮರುಪರೀಕ್ಷೆ ಮಾಡಿಸತಕ್ಕದ್ದು. ಇದು ಇಷ್ಟವಿದ್ದರೆ ಮಾಡಿಸಿ ಎಂಬ ಅರ್ಥದ ಮಾತಲ್ಲ.

11. ಸೇವೆ ಪಡೆಯುವ ಕ್ರಮ

ಮೊದಲ ತಪಾಸಣೆ, ಎದೆಯ ಎಕ್ಸ್‌ರೇ ಮತ್ತು ಕಫ ಪರೀಕ್ಷೆಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸುವುದು. ಸಿ.ಟಿ. ಮತ್ತು ತಜ್ಞರ ಅಭಿಪ್ರಾಯಕ್ಕೆ ಸಾಮಾನ್ಯವಾಗಿ ಚಿಕ್ಕಮಗಳೂರು, ಶಿವಮೊಗ್ಗ, ಅಥವಾ ಘಟ್ಟದ ಕೆಳಗಿನ ಮಣಿಪಾಲ, ಮಂಗಳೂರಿಗೆ ಹೋಗಬೇಕಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಸಂಸ್ಥೆಯಾಗಿದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಭರಿಸಲಾಗುತ್ತದೆ. ತುರ್ತು ಸಂದರ್ಭ ಹೊರತುಪಡಿಸಿ, ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಈ ನೆರವು ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ. ಪತ್ರವಿಲ್ಲದೆ ನೇರವಾಗಿ ದಾಖಲಾಗಿ, ನಂತರ ಹಣ ಮರುಪಾವತಿ ಕೋರುವುದರಿಂದ ತೊಂದರೆಯಾಗುತ್ತದೆ. ರೋಗ ನಿರ್ಧಾರಕ್ಕೆ ಮುನ್ನ ಮಾಡುವ ಪರೀಕ್ಷೆಗಳ ವೆಚ್ಚ ಯೋಜನೆಯಲ್ಲಿ ಸೇರುತ್ತದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಆಸ್ಪತ್ರೆಗೆ ಹೋಗುವಾಗ ತರಬೇಕಾದ ದಾಖಲೆಗಳು:
1. ಆಧಾರ್ ಮತ್ತು ಪಡಿತರ ಚೀಟಿ
2. ಶಿಫಾರಸು ಪತ್ರ
3. ಹಿಂದಿನ ಎಲ್ಲ ಎಕ್ಸ್‌ರೇ ಮತ್ತು ಸಿ.ಟಿ. ಫಿಲ್ಮ್‌ಗಳು, ಸಿ.ಡಿ. ಮತ್ತು ವರದಿಗಳು, ಎಷ್ಟೇ ಹಳೆಯವಾಗಿದ್ದರೂ
4. ಕಫ ಪರೀಕ್ಷೆಯ ಫಲಿತಾಂಶ, ಕ್ಷಯ ಚಿಕಿತ್ಸೆಯ ಕಾರ್ಡ್ ಇದ್ದಲ್ಲಿ ಅದು
5. ಈಗ ಸೇವಿಸುತ್ತಿರುವ ಔಷಧಿಗಳ ಚೀಟಿ

ಮಲೆನಾಡಿನ ಮಳೆಗಾಲದ ತೇವಕ್ಕೆ ಫಿಲ್ಮ್‌ಗಳು ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ. ಅವುಗಳನ್ನು ಒಣ ಪ್ಲಾಸ್ಟಿಕ್ ಚೀಲದಲ್ಲಿ, ನಡುವೆ ಕಾಗದವಿಟ್ಟು, ಮಡಚದೆ ಇಡುವುದು. ಮರುಪರೀಕ್ಷೆಯ ದಿನಾಂಕ ಮಳೆಗಾಲದಲ್ಲಿ ಅಥವಾ ಅಡಿಕೆ ಕೊಯ್ಲಿನ ನಡುವೆ ಬರುವುದಾದರೆ, ಕೆಲವು ದಿನ ಹಿಂದೆ ಮುಂದೆ ಮಾಡಲು ಸಾಧ್ಯವೇ ಎಂದು ವೈದ್ಯರನ್ನೇ ಕೇಳಿ. ಹೊರಡಲಾಗದೆಂದು ಸುಮ್ಮನೆ ಬಿಟ್ಟುಬಿಡಬೇಡಿ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಲೆಅಡಿಕೆಯೊಂದಿಗೆ ಸುಣ್ಣ ತಿನ್ನುವುದರಿಂದ ಗಂಟಿನಲ್ಲಿ ಸುಣ್ಣ ಕಟ್ಟುತ್ತದೆಯೇ?
ಉತ್ತರ: ಇಲ್ಲ. ವಾಸಿಯಾದ ಗಾಯದಲ್ಲಿ ದೇಹವೇ ಕ್ಯಾಲ್ಸಿಯಂ ಲವಣವನ್ನು ಶೇಖರಿಸುತ್ತದೆ. ತಿಂದ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಎಲೆಅಡಿಕೆ, ತಂಬಾಕು ಜಗಿಯುವುದರಿಂದ ಬಾಯಿಯ ಕ್ಯಾನ್ಸರ್‌ನ ಅಪಾಯವಿದೆ.

ಪ್ರಶ್ನೆ: ಪದೇ ಪದೇ ಸಿ.ಟಿ. ಮಾಡಿಸಿದರೆ ವಿಕಿರಣದಿಂದ ಹಾನಿಯಿಲ್ಲವೇ?
ಉತ್ತರ: ಎದೆಯ ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್, ಕಡಿಮೆ ಪ್ರಮಾಣದ ಸಿ.ಟಿ.ಗೆ ಸುಮಾರು 1.5, ಸಾಮಾನ್ಯ ಸಿ.ಟಿ.ಗೆ 5ರಿಂದ 7 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಪ್ರಕೃತಿಯಿಂದ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಮರುಪರೀಕ್ಷೆಯನ್ನು ಕಡಿಮೆ ಪ್ರಮಾಣದ ವಿಧಾನದಲ್ಲಿ ಮಾಡಬಹುದೇ ಎಂದು ಕೇಳಬಹುದು. ವೈದ್ಯರು ಹೇಳದೆ ತಾವಾಗಿ ಸಿ.ಟಿ. ಮಾಡಿಸಿಕೊಳ್ಳುವುದು ಸರಿಯಲ್ಲ.

ಪ್ರಶ್ನೆ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರೆ, ನಿಜವೇ?
ಉತ್ತರ: ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ಅತ್ಯಂತ ವಿರಳ. ಈ ಭಯದಿಂದ ಬಯಾಪ್ಸಿ ಮುಂದೂಡಿದರೆ ಆಗುವ ಹಾನಿಯೇ ದೊಡ್ಡದು.

ಪ್ರಶ್ನೆ: ಗಂಟು ಸೌಮ್ಯವೆಂದು ಖಚಿತವಾದರೆ ತೆಗೆಸಬೇಕೇ?
ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಶ್ವಾಸನಾಳಕ್ಕೆ ಅಡ್ಡವಾಗಿ ತೊಂದರೆ ಕೊಡುತ್ತಿದ್ದರೆ ಅಥವಾ ಬೆಳೆಯುತ್ತಿದ್ದರೆ ವೈದ್ಯರು ಸೂಚಿಸುತ್ತಾರೆ.

ಪ್ರಶ್ನೆ: ಲಕ್ಷಣವೇ ಇಲ್ಲದಿದ್ದರೂ ಎಲ್ಲರೂ ಸಿ.ಟಿ. ಮಾಡಿಸಿಕೊಳ್ಳಬೇಕೇ?
ಉತ್ತರ: ಬೇಕಿಲ್ಲ. ಅಮೆರಿಕದಲ್ಲಿ 55ರಿಂದ 74 ವರ್ಷದ, ದೀರ್ಘಕಾಲ ಹೆಚ್ಚು ಧೂಮಪಾನ ಮಾಡಿದ 53,454 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಕಡಿಮೆ ಪ್ರಮಾಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶ ಕ್ಯಾನ್ಸರ್‌ನ ಸಾವು ಶೇ. 20ರಷ್ಟು ಕಡಿಮೆಯಾಯಿತು. ಆದರೆ ಅದೇ ಅಧ್ಯಯನದಲ್ಲಿ, ಶಂಕಾಸ್ಪದವೆಂದು ಬಂದ ಸಿ.ಟಿ. ಫಲಿತಾಂಶಗಳಲ್ಲಿ ಶೇ. 96.4ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ಕ್ಷಯದ ಕಲೆಗಳು ಹೆಚ್ಚಿರುವ ನಮ್ಮಲ್ಲಿ ಎಲ್ಲರಿಗೂ ಸಿ.ಟಿ. ಮಾಡಿದರೆ ಅನಗತ್ಯ ಆತಂಕವೇ ಹೆಚ್ಚಬಹುದು. ಬಹಳ ವರ್ಷ ಧೂಮಪಾನ ಮಾಡಿದವರು ವೈದ್ಯರ ಸಲಹೆ ಪಡೆದು ನಿರ್ಧರಿಸಬಹುದು.

13. ಕೊನೆಯದಾಗಿ

ಹರಡದಿರುವ, 1 ಸೆಂ.ಮೀ. ಮೀರದ ಶ್ವಾಸಕೋಶ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಲ್ಲಿ ಐದು ವರ್ಷದ ನಂತರವೂ ಬದುಕಿದ್ದವರು ಶೇ. 92ರಷ್ಟು ಎಂದು, ರೋಗದ ಹಂತಗಳ ವರ್ಗೀಕರಣಕ್ಕಾಗಿ ಅಂತಾರಾಷ್ಟ್ರೀಯ ಮಟ್ಟದಲ್ಲಿ ಕಲೆಹಾಕಿದ ಮಾಹಿತಿ ತಿಳಿಸುತ್ತದೆ. ದೂರದ ಅಂಗಗಳಿಗೆ ಹರಡಿದ ಹಂತದಲ್ಲಿ ಈ ಪ್ರಮಾಣ ಶೇ. 10 ಅಥವಾ ಅದಕ್ಕಿಂತ ಕಡಿಮೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಮರುಪರೀಕ್ಷೆಯ ದಿನಾಂಕದ ಬೆಲೆ.

ಆದುದರಿಂದ ಗಂಟು ಎಂಬ ಪದ ಕಂಡೊಡನೆ ಧೃತಿಗೆಡದೆ, ವರದಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯದೆ, ಹೇಳಿದ ದಿನ ಹಳೆಯ ಚಿತ್ರಗಳೊಂದಿಗೆ ಹಾಜರಾಗುವಂತೆ ನಾಗರಿಕರಲ್ಲಿ ಕೋರಲಾಗಿದೆ. ಕೆಮ್ಮಿದಾಗ ರಕ್ತ ಬಂದಲ್ಲಿ, ದನಿ ಕಾರಣವಿಲ್ಲದೆ ಒಡೆದು ಮೂರು ವಾರವಾದರೂ ಸರಿಹೋಗದಿದ್ದಲ್ಲಿ, ತೂಕ ತಾನಾಗಿ ಇಳಿಯುತ್ತಿದ್ದಲ್ಲಿ ನಿಗದಿತ ದಿನಾಂಕದವರೆಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ತುರ್ತು ಸಂದರ್ಭದಲ್ಲಿ 108 ಆಂಬ್ಯುಲೆನ್ಸ್ ಸೇವೆಯನ್ನು, ಆಯುಷ್ಮಾನ್ ಯೋಜನೆಯ ಮಾಹಿತಿಗೆ 14555 ಸಹಾಯವಾಣಿಯನ್ನು ಬಳಸಬಹುದು. ಹೆಚ್ಚಿನ ವಿವರಗಳಿಗೆ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.